ಪೂವಪ್ಪನ ಬಸಳೆ ಚಪ್ಪರ

ಪೂವಪ್ಪನಿಗೆ ಒಂದು ಜಂಬ ಇತ್ತು. ಇರಲಿ ಬಿಡಿ. ಬೀಡಿಯಿಲ್ಲ, ಇಸ್ಪೀಟಿಲ್ಲ, ಒಬ್ಬರ ಸುದ್ದಿಗೆ ಹೋದವನಲ್ಲ; ಅಂಥ ಮನುಷ್ಯನಿಗೆ ಒಂದು ಜಂಬವೂ ಬೇಡವೇ?

ಗಲ್ಫಿನ ಸೊಹಾರ್ ಬಂದರಿನ ಹತ್ತಿರ ಪ್ಲಾಸ್ಟಿಕ್ಕಿನ ಕಚ್ಚಾಮಾಲು ತಯಾರಿಸುವ ಒಂದು ಫ್ಯಾಕ್ಟರಿಯಲ್ಲಿ ಕೊಳಕು ನೀರು ಶುದ್ಧ ಮಾಡುವ ಕೆಲಸ ಅವನದ್ದು. ಊರು ಬಂಟ್ವಾಳದ ಕಡೆ. ಆ ನೀರಿನಲ್ಲಿ ಬಿಸ್ಫಿನಾಲ್ ಎನ್ನುವ ಪೀಡೆಯೊಂದು ಉಳಿದುಬಿಡುತ್ತಿತ್ತು. ಎಷ್ಟು ಸೋಸಿದರೂ ಲ್ಯಾಬಿನವರು "ಇನ್ನೂ ಸ್ವಲ್ಪ ಇದೆ" ಎಂದೇ ಹೇಳುತ್ತಿದ್ದರು. ಪೂವಪ್ಪ ಹಟ ಬಿಡಲಿಲ್ಲ. ಕ್ಲೋರಿನ್ ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋದ. ಕಡೆಗೊಂದು ದಿನ ಸೊನ್ನೆ ಬಂತು! ಸೂಪರ್‌ವೈಸರ್ ಕ್ಲೇಟನ್ ಅವನ ಬೆನ್ನು ತಟ್ಟಿ, "ಖಲಾಸ್ ಪೂವಪ್ಪಣ್ಣ, ಇನ್ನು ನಮಗೆ ತಲೆಬಿಸಿ ಇಲ್ಲ" ಎಂದ. ಆವತ್ತಿನಿಂದ ಪೂವಪ್ಪ ಅದನ್ನು "ನನ್ನ ನೀರು" ಎಂದೇ ಕರೆಯುತ್ತಿದ್ದ.

ಆ ನೀರು ಹೋಗುತ್ತಿದ್ದದ್ದು ಬೇಲಿ ಬದಿಯ ಮರಗಳಿಗೆ. ಮರಗಳಿಗೆ ಮಾತ್ರ ಎಂದು ಬೋರ್ಡೂ ಇತ್ತು. ಆದರೆ ಕರಾವಳಿಯವನ ಕಣ್ಣೆದುರು ನೀರು ಹರಿಯುತ್ತಿದ್ದರೆ ಕೈ ಸುಮ್ಮನಿರುತ್ತದೆಯೇ? ಕ್ವಾರ್ಟರ್ಸಿನ ಹಿಂದೆ ಹಳೆಯ ಕಬ್ಬಿಣದ ಕಂಬ ನಿಲ್ಲಿಸಿ ಚಪ್ಪರ ಹಾಕಿದ, ಊರಿಂದ ತಂದ ಬಸಳೆ ದಂಟು ನೆಟ್ಟ, ಒಂದು ಪೈಪು ಆ ಕಡೆ ತಿರುಗಿಸಿದ. ಸೊನ್ನೆ ಬಂದ ನೀರಿಗೆ ಎಂಥ ದೋಷ! ಬಳ್ಳಿ ಆ ಮರಳಿನಲ್ಲೂ ಹೇಗೆ ಹಬ್ಬಿತೆಂದರೆ, ನೋಡಿದವರೆಲ್ಲ ಒಂದು ಕಟ್ಟು ಕೇಳದೆ ಹೋಗುತ್ತಿರಲಿಲ್ಲ.

ಅಲ್ಲೇ ಹತ್ತಿರದ ಸಹಮ್‌ನಲ್ಲಿ ಅಂಗಡಿ ಇಟ್ಟಿದ್ದ ಅಬ್ಬಾಸ್ ಬ್ಯಾರಿ ಪೂವಪ್ಪನ ಹಳೆಯ ದೋಸ್ತಿ. ಅವನ ಮಗಳು ರಾಫಿಯಾ ಮದುವೆಯಾಗಿ ತುಂಬ ವರ್ಷಗಳ ಮೇಲೆ ಬಸುರಿಯಾಗಿ ತಂದೆಯ ಮನೆಗೆ ಬಂದಿದ್ದಳು. ಏನು ಕೊಟ್ಟರೂ ವಾಂತಿ. ಬಾಯಿಗೆ ಸೇರುತ್ತಿದ್ದದ್ದು ಒಂದೇ, ಬಸಳೆಗೆ ಒಣ ಸಿಗಡಿ ಹಾಕಿದ ಗಸಿ. ಬಸುರಿಯ ಬಯಕೆ ತೀರಿಸಿದ ಪುಣ್ಯ ಯಾರಿಗೆ ಬೇಡ? ಬಲಿತ ಎಲೆ ಉಳಿದವರಿಗೆ, ಎಳೆ ಕುಡಿ ರಾಫಿಯಾಳಿಗೆ ಎಂದು ಪೂವಪ್ಪ ತೆಗೆದಿಟ್ಟು, ಶುಕ್ರವಾರ ತಪ್ಪದೆ ಒಯ್ದು ಕೊಡುತ್ತಿದ್ದ. ಅವಳ ತಾಯಿ ಸೈನಬ, "ನೀವು ಇಲ್ಲದಿದ್ದರೆ ಇವಳು ಉಪವಾಸವೇ" ಎನ್ನುವಾಗ ಅವನ ಮುಖ ಅರಳುತ್ತಿತ್ತು.

ಹೀಗಿರುವಾಗ ಲ್ಯಾಬಿಗೆ ಪ್ರಣೀತಾ ಬಂದಳು. ಪುತ್ತೂರಿನ ಹುಡುಗಿ. ಬಿಸ್ಫಿನಾಲ್ ಹೋಯಿತು ಸರಿ, ಹೋಗಿ ಏನಾಯಿತು ಎಂದು ಅವಳಿಗೆ ಸಂಶಯ. ನೀರನ್ನು ಹೊರಗಿನ ಲ್ಯಾಬಿಗೆ ಕಳಿಸಿದಳು. ಉತ್ತರ ಬಂದ ದಿನ ತಾನೇ ಪೂವಪ್ಪನನ್ನು ಹುಡುಕಿಕೊಂಡು ಬಂದಳು.

"ಪೂವಪ್ಪಣ್ಣ, ಅದು ಮಾಯ ಆದದ್ದಲ್ಲ. ಕ್ಲೋರಿನ್ ಸೇರಿ ಬೇರೆಯೇ ಆಗಿಬಿಟ್ಟಿದೆ. ನಾವು ಹಳೆಯದನ್ನೇ ಹುಡುಕುತ್ತಿದ್ದೆವು, ಹಾಗಾಗಿ ಸೊನ್ನೆ ಕಾಣುತ್ತಿತ್ತು. ಈ ಹೊಸದು ಮೈಗೆ ಸೇರಿದರೆ ಹಳೆಯದಕ್ಕಿಂತ ಜೋರು ಇರಬಹುದು. ಬಸುರಿಯರು, ಸಣ್ಣ ಮಕ್ಕಳು ತುಂಬ ಜಾಗ್ರತೆ ಮಾಡಬೇಕು."

ಪೂವಪ್ಪ ಕೇಳಿದ, "ಆ ನೀರಲ್ಲಿ ಬೆಳೆದ ಸೊಪ್ಪು ತಿಂದರೆ?"

ಪ್ರಣೀತಾ ಅವನ ಮುಖ ನೋಡಿದಳು. "ಎಲೆಗೆ ಎಷ್ಟು ಹೋಗುತ್ತದೋ ಗೊತ್ತಿಲ್ಲ ಅಣ್ಣ. ಏನೂ ಆಗದೆಯೂ ಇರಬಹುದು. ಬಸುರಿ ಯಾರಾದರೂ ತಿಂದಿದ್ದರೆ ಅವರ ಡಾಕ್ಟರಿಗೆ ತಿಳಿಸಲೇಬೇಕು. ಬೇಕಾದರೆ ನಾನೇ ಮಾತಾಡುತ್ತೇನೆ."

ಕ್ಲೇಟನ್ ಬುದ್ಧಿ ಹೇಳಿದ್ದು ಬೇರೆ. "ಬಳ್ಳಿಗೆ ಹುಳ ಬಿತ್ತು ಅಂತ ಹೇಳಿ ಮುಗಿಸಿ ಮಾರಾಯ್ರೆ. ಆಗಿದೆಯೋ ಇಲ್ಲವೋ ಗೊತ್ತಿಲ್ಲದ್ದಕ್ಕೆ ಬಸುರಿ ಹೆಂಗಸನ್ನು ಯಾಕೆ ಹೆದರಿಸುವುದು?"

ಮಾತು ಕೇಳಲು ಹಿತವಾಗಿತ್ತು, ಅದೇ ಸಂಕಟ. ಸುಮ್ಮನಿದ್ದರೆ ದೋಸ್ತಿ ಉಳಿಯುತ್ತದೆ, ಡಾಕ್ಟರಿಗೆ ಮಾತ್ರ ತಿಳಿಯುವುದಿಲ್ಲ. ಪೂವಪ್ಪ ಕತ್ತಿ ತೆಗೆದುಕೊಂಡು ಹೋಗಿ ಬಳ್ಳಿಯನ್ನು ಬುಡದಿಂದಲೇ ಕಡಿದ. ನೆಟ್ಟ ಕೈಯಲ್ಲೇ ಕಡಿಯುವುದು ಸುಲಭವಲ್ಲ. ಅವನು ಅತ್ತ, ನಾಚಿಕೆಯಿಲ್ಲದೆ ಅತ್ತ.

ಶುಕ್ರವಾರ ಬರಿಗೈಯಲ್ಲಿ ಸಹಮ್‌ಗೆ ಹೋದ. ಕುಳಿತುಕೊಳ್ಳಿ ಎಂದರೂ ಕೂರಲಿಲ್ಲ. ನಿಂತಲ್ಲೇ ಎಲ್ಲ ಹೇಳಿದ: ನೀರು, ಕ್ಲೋರಿನ್, ತಾನು ಏರಿಸಿದ್ದು, ಚಪ್ಪರಕ್ಕೆ ಪೈಪು ತಿರುಗಿಸಿದ್ದು. ಸೈನಬ ಒಳಗೆ ಹೋದಳು. ಹಿಂದಿನ ದಿನದ ಗಸಿಯನ್ನು ಪಾತ್ರೆಯ ಸಮೇತ ಕಸಕ್ಕೆ ಹಾಕಿದ ಸದ್ದು ಹೊರಗೆ ಕೇಳಿಸಿತು. ಅಬ್ಬಾಸ್ ತಲೆ ಎತ್ತಲಿಲ್ಲ.

"ನನ್ನ ಮಗುವಿಗೆ ಏನಾಗುತ್ತದೆ ಮಾಮ?" ರಾಫಿಯಾ ಕೇಳಿದಳು.

"ಗೊತ್ತಿಲ್ಲ ಮಗಳೇ. ಸುಳ್ಳು ಹೇಳುವುದಿಲ್ಲ, ಅದು ಯಾರಿಗೂ ಗೊತ್ತಿಲ್ಲ. ಡಾಕ್ಟರಿಗೆ ಇವತ್ತೇ ಹೇಳು. ನಮ್ಮ ಲ್ಯಾಬಿನ ಹುಡುಗಿ ಅವರ ಹತ್ತಿರ ಮಾತಾಡುತ್ತಾಳೆ."

ಆಮೇಲೆ, ಪಾಪದ ಹುಡುಗಿ, ತಾನೇ ಅವನನ್ನು ಸಮಾಧಾನ ಮಾಡಲು ಹೊರಟಳು. "ಇರಲಿ ಮಾಮ. ನೀವೂ ಅದನ್ನೇ ತಿಂದವರಲ್ಲವಾ? ನಿಮಗೇನೂ ಆಗಿಲ್ಲ. ನಮಗೂ ಆಗಲಿಕ್ಕಿಲ್ಲ."

ಹೂಂ ಎಂದಿದ್ದರೆ ಸಾಕಿತ್ತು. ಆ ಮನೆಯ ಬಾಗಿಲು ಅವನಿಗೆ ತೆರೆದೇ ಇರುತ್ತಿತ್ತು.

"ಇಲ್ಲ ಮಗಳೇ," ಎಂದ ಪೂವಪ್ಪ. "ನನಗೆ ಕಿಡ್ನಿಯಲ್ಲಿ ಕಲ್ಲು. ಬಸಳೆ ಮುಟ್ಟಬೇಡ ಅಂತ ಡಾಕ್ಟರು ಹೇಳಿದ್ದಾರೆ. ನಾನು ಒಂದು ಎಲೆಯನ್ನೂ ತಿಂದಿಲ್ಲ."

ರಾಫಿಯಾ ಎರಡೂ ಕೈಗಳನ್ನು ಹೊಟ್ಟೆಯ ಮೇಲಿಟ್ಟುಕೊಂಡು ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.