ಯಾರ ಗೇಣು

ಬುಗ್ಗೆ ತೋಳಿನ ರವಿಕೆ ಅಂದರೆ ಈಗಿನವರಿಗೆ ನಗು ಬರಬಹುದು. ನಗಲಿ ಬಿಡಿ. ನಾನು ಹೈಸ್ಕೂಲಿನ ಎರಡನೆಯ ವರ್ಷದಲ್ಲಿದ್ದಾಗ ಅದಕ್ಕಿಂತ ದೊಡ್ಡ ಸುದ್ದಿ ನಮಗೆ ಇನ್ನೊಂದಿರಲಿಲ್ಲ. ಭುಜದ ಹತ್ತಿರ ನೆರಿಗೆ ಹಿಡಿದು, ಕೆಳಗೊಂದು ಪಟ್ಟಿ ಕೊಟ್ಟು, ನಡುವೆ ಪೂರಿಯ ಹಾಗೆ ಉಬ್ಬಿಸಿದ ಗಿಡ್ಡ ತೋಳು. ಮಲ್ಲೇಶ್ವರದಿಂದ ಬರುತ್ತಿದ್ದ ಹುಡುಗಿಯೊಬ್ಬಳು ಮೊದಲು ತೊಟ್ಟು ಬಂದಳು. ಮಧ್ಯಾಹ್ನದ ಗಂಟೆ ಹೊಡೆಯುವುದರೊಳಗೆ ಇಡೀ ತರಗತಿ ಅದನ್ನು ಅದುಮಿ, ಮತ್ತೆ ಉಬ್ಬುತ್ತದೋ ಇಲ್ಲವೋ ಅಂತ ಪರೀಕ್ಷೆ ಮಾಡಿ ಆಗಿತ್ತು. ಉಬ್ಬುತ್ತಿತ್ತು. ನನಗೆ ಆವತ್ತು ಲೆಕ್ಕದ ಪಾಠ ಒಂದಕ್ಷರ ತಲೆಗೆ ಹೋಗಲಿಲ್ಲ.

ವಾರದೊಳಗೆ ಹತ್ತು ಹುಡುಗಿಯರ ತೋಳು ಉಬ್ಬಿದವು. ನಮ್ಮ ಹೆಡ್ ಮಿಸ್ಟ್ರೆಸ್ಸು ಬಿಟ್ಟಾರೆಯೇ? ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ನಿಂತುಕೊಂಡೇ ಓದಿದರು: ವಿದ್ಯಾರ್ಥಿನಿಯರ ರವಿಕೆಯ ತೋಳು ಭುಜದಿಂದ ಒಂದು ಗೇಣು ಇರತಕ್ಕದ್ದು. ಇಂಚು ಅಂದರೆ ಹಳ್ಳಿಯ ಕಡೆಯ ಮನೆಗಳಲ್ಲಿ ಅರ್ಥವಾಗುವುದಿಲ್ಲ ಅಂತ ಗೇಣು ಎಂದು ಬರೆದಿದ್ದರು. ಹಳ್ಳಿಯ ಕಡೆಯವಳು ಅಂದರೆ ನಾನು. ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಯವರೆಗೆ ಕೈ ಅಗಲಿಸಿದರೆ ಒಂದು ಗೇಣು. ಯಾರ ಕೈ ಎಂದು ಮಾತ್ರ ಅವರು ಬರೆದಿರಲಿಲ್ಲ. ಅದು ನನಗೆ ಕೇಳಿದ ತಕ್ಷಣವೇ ಹೊಳೆಯಿತು, ನನ್ನ ಬುದ್ಧಿಗೆ ನಾನೇ ಶಹಬ್ಬಾಸ್ ಅಂದುಕೊಂಡೆ.

ನಮ್ಮದು ಮಾಗಡಿ ರಸ್ತೆಯ ಪಕ್ಕದ ಹಳ್ಳಿ. ರಾಜಾಜಿನಗರದ ಬಡಾವಣೆಗೆ ನೆಟ್ಟ ಕಲ್ಲುಗಳು ನಮ್ಮ ರಾಗಿ ಹೊಲದ ಬದುವಿನವರೆಗೂ ಬಂದಿದ್ದವು. ಆ ಹಳ್ಳಿಯಿಂದ ಹೈಸ್ಕೂಲಿಗೆ ಹೋಗುತ್ತಿದ್ದ ಹುಡುಗಿ ನಾನೊಬ್ಬಳೇ. ಅದೂ ಅಜ್ಜಿ ಮೂರು ದಿನ ಅಪ್ಪನ ಹತ್ತಿರ ಮಾತು ಬಿಟ್ಟಿದ್ದಕ್ಕೆ. ಅಜ್ಜಿ ಅಂದರೆ ಅಪ್ಪನ ತಾಯಿ. ಕೊನೆಗೆ ಅಪ್ಪ ಒಪ್ಪಿದ, ಒಂದು ಷರತ್ತಿನ ಮೇಲೆ. "ಸ್ಕೂಲಿಂದ ಇವಳ್ ಮೇಲೆ ಒಂದೇ ಒಂದ್ ಮಾತ್ ಬಂದ್ರೂ ಅವತ್ತಿಗೆ ಓದು ಮುಗೀತು. ಕೆಂಗೇರಿಯೋರ್ ಕೇಳ್ತಾನೇ ಅವ್ರೆ, ಕೊಟ್ಬುಡ್ತೀನಿ." ಕೆಂಗೇರಿಯ ಆ ಹುಡುಗನನ್ನು ನಾನು ನೋಡಿದ್ದೆ. ನನಗೆ ಅವನು ಬೇಡವಾಗಿದ್ದ. ನಾನು ಟೀಚರಾಗಬೇಕಿತ್ತು.

ಇಷ್ಟೆಲ್ಲ ಗೊತ್ತಿದ್ದೂ ನಾನು ಬುಗ್ಗೆ ತೋಳು ಹೊಲಿಸಿದೆ. ಹದಿನಾಲ್ಕು ವರ್ಷ, ಏನು ಮಾಡೋಣ? ದೀಪಾವಳಿಗೆ ಕೊಟ್ಟ ಹೂವಿನ ಚೀಟಿ ಬಟ್ಟೆ ಹಿಡಿದುಕೊಂಡು ಮಾಗಡಿ ರಸ್ತೆಯ ದರ್ಜಿಯ ಹತ್ತಿರ ಹೋಗಿ, "ತೋಳು ಒಂದು ಗೇಣು" ಅಂದೆ. ಆತ ಕತ್ತರಿ ಕೆಳಗಿಟ್ಟು, "ಯಾರ್ ಗೇಣವ್ವಾ?" ಅಂದ.

"ನಂದೇ. ಆದ್ರೆ ಉಬ್ಬಿರ್ಬೇಕು."

ಆತ ಮೀಸೆಯಲ್ಲೇ ನಕ್ಕ. ಬಟ್ಟೆಯನ್ನು ಒಂದು ಗೇಣಿಗೇ ಕತ್ತರಿಸಿದ, ಅದರಲ್ಲಿ ಮೋಸವಿಲ್ಲ. ನೆರಿಗೆ ಹಿಡಿದು ಉಬ್ಬಿಸಿದ ಮೇಲೆ ತೋಳಿನ ಮೇಲೆ ನಿಂತದ್ದು ನಾಲ್ಕು ಬೆರಳು ಅಷ್ಟೇ. ಮಾರನೆಯ ದಿನ ತೊಟ್ಟುಕೊಂಡು ಬಡಾವಣೆಯ ಖಾಲಿ ರಸ್ತೆಗಳಲ್ಲಿ ನಡೆದೆ. ನಡೆದೆ ಅಂದರೆ ಸುಳ್ಳು, ಕುಣಿದುಕೊಂಡು ಹೋದೆ. ಗಾಳಿ ಒಳಗೆ ಹೊಕ್ಕಾಗೆಲ್ಲ ಎರಡೂ ತೋಳು ಪಟಪಟ ಅನ್ನುತ್ತಿದ್ದವು. ಅಷ್ಟು ಖುಷಿ ನನಗೆ ಆಮೇಲೆ ರೇಷ್ಮೆ ಸೀರೆ ಉಟ್ಟಾಗಲೂ ಆಗಲಿಲ್ಲ.

ಗೇಟಿನಲ್ಲೇ ಸಿಕ್ಕಿಬಿದ್ದೆ. ಹೆಡ್ ಮಿಸ್ಟ್ರೆಸ್ಸು ತೋಳು ನೋಡಿದರು, ಮುಖ ನೋಡಿದರು. "ನಾಳೆ ನಿಮ್ಮ ಮನೆ ದೊಡ್ಡವರನ್ನ ಕರ್ಕೊಂಡು ಬಾ. ಇಲ್ಲದೆ ಇದ್ರೆ ಬರ್ಲೇಬೇಡ" ಅಂದರು. ಅಪ್ಪ ಬಂದರೆ ಓದು ಹೋಯಿತು, ಅಪ್ಪ ಬಾರದಿದ್ದರೂ ಓದು ಹೋಯಿತು. ಸಂಜೆ ಮನೆಗೆ ಹೋಗುವ ದಾರಿಯುದ್ದಕ್ಕೂ ಅತ್ತೆ. ಹೊಲದ ಬದುವಿಗೆ ಬಂದಾಗ ಹೆಡ್ ಮಿಸ್ಟ್ರೆಸ್ಸರ ಮಾತು ಮತ್ತೆ ಕಿವಿಯಲ್ಲಿ ಕೇಳಿಸಿತು. ಅಪ್ಪನನ್ನು ಕರೆದುಕೊಂಡು ಬಾ ಅಂದಿರಲಿಲ್ಲವಲ್ಲ! ದೊಡ್ಡವರು ಅಂದಿದ್ದರು. ನಮ್ಮ ಮನೆಯಲ್ಲಿ ಅಜ್ಜಿಗಿಂತ ದೊಡ್ಡವರು ಯಾರಿದ್ದಾರೆ?

ಅಜ್ಜಿ ಎಲ್ಲ ಕೇಳಿಸಿಕೊಂಡು, "ಬತ್ತೀನ್ ನಡಿ" ಅಂದಳು, ಅಷ್ಟೇ. ಬೆಳಿಗ್ಗೆ ಅಪ್ಪ ಹೊಲಕ್ಕೆ ಹೋದ ಮೇಲೆ ಒಳ್ಳೆಯ ಸೀರೆ ಉಟ್ಟು, ಎಲೆಯಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿ, ಬರಿಗಾಲಲ್ಲಿ ನನಗಿಂತ ಮುಂದೆ ನಡೆದಳು. ನಾನು ಅದೇ ಬುಗ್ಗೆ ತೋಳಿನ ರವಿಕೆಯಲ್ಲಿದ್ದೆ. ಅದನ್ನೇ ತೊಡು ಎಂದು ಅವಳೇ ಹೇಳಿದ್ದಳು.

ಹೆಡ್ ಮಿಸ್ಟ್ರೆಸ್ಸು ಕುರ್ಚಿ ತೋರಿಸಿದರು. ಅಜ್ಜಿ ನಿಂತೇ ಇದ್ದಳು. ಅವರು ಮೇಜಿನ ಮೇಲಿನ ಕಾಗದ ನೋಡುತ್ತಲೇ ಶುರು ಮಾಡಿದರು. "ನೋಡಿ, ಹೆಣ್ಣುಮಕ್ಕಳು ಹೀಗೆ ತೋಳು ಕಾಣೋ ಹಾಗೆ ಓಡಾಡಿದ್ರೆ ಮನೆತನದ ಮರ್ಯಾದೆ ಏನಾಗತ್ತೆ? ನೀವೇ ಹೇಳಿ" ಎಂದು ತಲೆಯೆತ್ತಿದರು.

ಎತ್ತಿದವರು ಹಾಗೇ ಉಳಿದರು. ನಮ್ಮಜ್ಜಿ ರವಿಕೆಯನ್ನೇ ತೊಡುತ್ತಿರಲಿಲ್ಲ. ಅವಳ ಕಾಲದವರು ನಮ್ಮ ಕಡೆ ಯಾರೂ ತೊಡುತ್ತಿರಲಿಲ್ಲ, ಸೀರೆಯ ಸೆರಗನ್ನೇ ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದರು. ಭುಜದಿಂದ ಬೆರಳ ತುದಿಯವರೆಗೆ ಇಡೀ ತೋಳು, ಮುಂಗೈ ಮೇಲಿನ ಹಚ್ಚೆಯ ಸಮೇತ, ಅವರ ಮೇಜಿನ ಮುಂದಿತ್ತು. ಹುಟ್ಟಿದಾಗಿನಿಂದ ನೋಡಿದ ತೋಳು ಅದು. ಅದು ಬಟ್ಟೆ ಮುಚ್ಚದ ಬರಿ ತೋಳು ಎಂದು ನನಗೆ ಗೊತ್ತಾದದ್ದೇ ಆ ಗಳಿಗೆಯಲ್ಲಿ. ಭಯವೋ ನಗುವೋ ತಿಳಿಯದೆ ತುಟಿ ಕಚ್ಚಿಕೊಂಡೆ.

ಅಜ್ಜಿ ತನ್ನ ತೋಳನ್ನು ಒಂದು ಸಲ ತಿರುಗಿಸಿ ನೋಡಿಕೊಂಡಳು. "ನಮ್ಮನೆ ಮರ್ವಾದೆ ಚೆಂದಾಗೇ ಐತೆ ಕಣವ್ವಾ" ಅಂದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ. "ನಿಮ್ ರೂಲೇನು, ಅದ್ನೇಳು."

"ಒಂದು ಗೇಣು" ಅಂದರು ಹೆಡ್ ಮಿಸ್ಟ್ರೆಸ್ಸು. ದನಿ ತಗ್ಗಿತ್ತು.

"ಯಾರ್ ಗೇಣು?"

ಅಜ್ಜಿ ನನ್ನನ್ನು ಹತ್ತಿರಕ್ಕೆ ಎಳೆದು, ಭುಜದ ಹೊಲಿಗೆಯ ಮೇಲೆ ಹೆಬ್ಬೆರಳಿಟ್ಟು, ಉಬ್ಬಿನ ಮೇಲೆ ಕೈ ಅಗಲಿಸಿದಳು. ಕುಡುಗೋಲು ಹಿಡಿದು ಹಿಡಿದು ಅವಳ ಬೆರಳುಗಳು ಪೂರ್ತಿ ಬಿಡಿಸಿಕೊಳ್ಳುತ್ತಿರಲಿಲ್ಲ. ಕಿರುಬೆರಳು ಸರಿಯಾಗಿ ಪಟ್ಟಿಯ ಅಂಚಿಗೆ ಬಂದು ಕೂತಿತು. "ಸರೀಗೈತೆ" ಅಂದಳು.

ಹೆಡ್ ಮಿಸ್ಟ್ರೆಸ್ಸು ಎದ್ದು ಬಂದು ತಮ್ಮ ಕೈಯನ್ನು ಅದರ ಪಕ್ಕದಲ್ಲೇ ಇಟ್ಟರು. ಅವರದು ನೀಳ ಬೆರಳು, ಪಟ್ಟಿ ದಾಟಿ ಮುಂದೆ ಹೋಯಿತು. ಅವರು ತಮ್ಮ ಕೈ ನೋಡಲಿಲ್ಲ, ಅಜ್ಜಿಯ ಬಾಗಿದ ಬೆರಳುಗಳನ್ನೇ ನೋಡುತ್ತಿದ್ದರು. ಆಮೇಲೆ ಕೈ ತೆಗೆದು, "ಇದನ್ನ ಹಬ್ಬಕ್ಕೆ ಹಾಕ್ಕೊಳ್ಳಲಿ ಅಮ್ಮ. ಸ್ಕೂಲಿಗೆ ಬೇರೇದು ಹಾಕಿ ಕಳ್ಸಿ. ಹುಡುಗಿ ಚೆನ್ನಾಗಿ ಓದ್ತಾಳೆ, ಬಿಡಿಸ್ಬೇಡಿ" ಅಂದರು. ಬಿಡಿಸುವ ಮಾತನ್ನು ನಾವಿಬ್ಬರೂ ಎತ್ತಿರಲಿಲ್ಲ. ಅವರಿಗೆ ಹೇಗೆ ತಿಳಿಯಿತೋ ಕಾಣೆ.

ಸಂಜೆ ಅಪ್ಪನಿಗೆ ಯಾರೋ ಹೇಳಿಬಿಟ್ಟಿದ್ದರು. "ಸ್ಕೂಲ್ ತಾವ ಯಾಕವ್ವಾ ಹೋಗಿದ್ದೆ?" ಅಂದ ಅಜ್ಜಿಗೆ. ನಾನು ಒಲೆಯ ಮುಂದೆ ಕಲ್ಲಾದೆ.

ಅಜ್ಜಿ ಅಡಿಕೆ ಕತ್ತರಿಸುತ್ತಾ, "ನಿನ್ ಮಗಳು ಚೆಂದಾಗ್ ಓದ್ತಾಳಂತೆ. ಮೇಷ್ಟ್ರಮ್ಮ ಬಾಯ್ಬುಟ್ ಹೇಳುದ್ಲು, ಕೇಳ್ಕಂಡ್ ಬಂದೆ" ಅಂದಳು. ಸ್ಕೂಲಿಂದ ಮಾತು ಬಂದಿತ್ತು, ಸುಳ್ಳೇನಲ್ಲ. ಅಪ್ಪ ತಲೆ ಕೆರೆದುಕೊಂಡು ಮುದ್ದೆಗೆ ಕೂತ. ಕೆಂಗೇರಿಯ ಸುದ್ದಿ ಆಮೇಲೆ ಎತ್ತಲಿಲ್ಲ.

ಊಟವಾದ ಮೇಲೆ ಅಜ್ಜಿ ನನ್ನನ್ನು ಕೋಣೆಗೆ ಕರೆದು, "ತತ್ತಾ ಅದ್ನ" ಅಂದಳು. ಬುಗ್ಗೆ ರವಿಕೆ ತಂದುಕೊಟ್ಟೆ, ಅದರ ತೋಳಿನೊಳಗೆ ತನ್ನ ಕೈ ತೂರಿಸಿದಳು. ಮೊಣಕೈ ಹತ್ತಿರ ಸಿಕ್ಕಿಕೊಂಡಿತು. ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು.

ಟೀಚರಾದ ಮೊದಲ ತಿಂಗಳಲ್ಲೇ ಅಜ್ಜಿಯನ್ನು ಅದೇ ದರ್ಜಿಯ ಹತ್ತಿರ ಕರೆದುಕೊಂಡು ಹೋದೆ. ಆತ ಟೇಪು ಹಿಡಿದು, "ತೋಳ್ ಎಷ್ಟಿಡ್ಲಿ ಅಜ್ಜಿ?" ಅಂದ. ಜೀವಮಾನದಲ್ಲಿ ರವಿಕೆ ತೊಡದವಳು ಟೇಪನ್ನು ಪಕ್ಕಕ್ಕೆ ತಳ್ಳಿ, ತನ್ನ ಕೈಯನ್ನು ಆದಷ್ಟು ಅಗಲಿಸಿ ಅವನ ಮುಂದೆ ಹಿಡಿದಳು.

"ನನ್ ಗೇಣಲ್ಲಿ ಒಂದು. ಉಬ್ಬಿರ್ಲಿ."