ಆಚೆ ದಡದ ದನಿ

ನನ್ನ ಅಕ್ಕನ ಬಗ್ಗೆ ಬರೆಯುವ ಹಕ್ಕು ಯಾರಿಗಾದರೂ ಇದ್ದರೆ ಅದು ನನಗೇ. ಅವಳನ್ನು ನನ್ನಷ್ಟು ಬೈದವರು ಇನ್ನೊಬ್ಬರಿಲ್ಲ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು; ಅವಳಿಗೋ ಬೈಸಿಕೊಂಡಿದ್ದು ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದು ಕಿವಿಯಲ್ಲಿ ಹೋಗುತ್ತಿತ್ತು. ಹಾಗಾಗಿ ನಾವಿಬ್ಬರೂ ಒಂದೇ ಮನೆಯಲ್ಲಿ ಬಾಳಿದೆವು.

ನಾನು ಬೇಸಿಗೆ ಒಪೆರಾ ಕಂಪನಿಯೊಂದರಲ್ಲಿ ಬಟ್ಟೆ ನೋಡಿಕೊಳ್ಳುವವಳು. ಒಪೆರಾ ಎಂದರೆ ಮೊದಲಿನಿಂದ ಕೊನೆಯವರೆಗೂ ಹಾಡೇ. ಬಾಗಿಲು ಹಾಕು ಅನ್ನುವುದನ್ನೂ ಹಾಡಿಯೇ ಹೇಳಬೇಕು. ಚೂರಿ ತಿವಿಸಿಕೊಂಡವನು ಕೂಡ ಹಾಡು ಮುಗಿಸದೆ ಸಾಯುವುದಿಲ್ಲ. ನಮ್ಮ ಕಂಪನಿಗೆ ಸೂರಿರಲಿಲ್ಲ. ಬೇಸಿಗೆ ಬಂತೆಂದರೆ ಉದ್ಯಾನದ ಇಳಿಜಾರಿನಲ್ಲಿ ಹಲಗೆ ಹೊಡೆದು ರಂಗ ಕಟ್ಟುತ್ತಿದ್ದರು. ಜನ ಮಡಚುವ ಕುರ್ಚಿಗಳ ಮೇಲೆ, ಅದಕ್ಕೂ ಕೈ ಸಾಲದವರು ಹುಲ್ಲಿನ ಮೇಲೆ. ವಾದ್ಯದವರು ಗಾಳಿಗೆ ಹಾಳೆ ಹಾರದಿರಲಿ ಎಂದು ಬಟ್ಟೆ ಒಣಗಿಸುವ ಕ್ಲಿಪ್ಪು ಸಿಕ್ಕಿಸಿಕೊಳ್ಳುತ್ತಿದ್ದರು. ಕ್ಲಿಪ್ಪುಗಳೆಲ್ಲ ನನ್ನವು. ಒಂದಾದರೂ ವಾಪಸ್ಸು ಬಂದಿದ್ದರೆ ಕೇಳಿ.

ಅಕ್ಕ ವರ್ಷವೆಲ್ಲ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಬೇಸಿಗೆಯಲ್ಲಿ ಮಾತ್ರ ಗಾಯಕಿ. ಗುಂಪಿನ ಹಾಡುಗಳಲ್ಲಿ ಹತ್ತರ ಜೊತೆ ಹನ್ನೊಂದನೆಯವಳಾಗಿ ನಿಲ್ಲುತ್ತಿದ್ದಳು, ಅದು ಲೆಕ್ಕಕ್ಕಿಲ್ಲ. ಆದರೆ ಪ್ರತಿ ಬೇಸಿಗೆಯ ಕೊನೆಗೆ ಆಡುವ ಆಟವೊಂದಿತ್ತು. ಅದರಲ್ಲಿ ಮಗ ಮನೆ ಬಿಟ್ಟು ಹೊರಟು ಹೊಳೆಯ ದಡದಲ್ಲಿ ನಿಂತಿರುತ್ತಾನೆ. ಆಚೆ ದಡದಿಂದ ಅವನ ತಾಯಿ ಕೂಗಿ ಕರೆಯುತ್ತಾಳೆ. ತಾಯಿ ಕಾಣಿಸುವುದಿಲ್ಲ, ದನಿ ಮಾತ್ರ. ಆ ದನಿ ನಮ್ಮ ಅಕ್ಕನದು. ಒಂದು ಸಲ ಕರೆದು, ನಿಲ್ಲಿಸಿ, ಮಗನ ಉತ್ತರಕ್ಕೆ ಕಾಯಬೇಕು. ಉತ್ತರ ಬಂದ ಮೇಲೆ ಮತ್ತೆ ಕರೆಯಬೇಕು. ಅಷ್ಟೇ ಅವಳ ಪಾತ್ರ. ಅಷ್ಟಕ್ಕೇ ಕಂಪನಿಯಲ್ಲಿ ಎಲ್ಲರೂ ಅವಳನ್ನು ಆಚೆದಡದಮ್ಮ ಅನ್ನುತ್ತಿದ್ದರು.

ಕಂಪನಿ ಕಟ್ಟಿದ ಹಳೇ ಯಜಮಾನರು ಅವಳನ್ನು ನಿಲ್ಲಿಸಿದ್ದು ರಂಗದ ಹತ್ತಿರವಲ್ಲ. ಮರಗಳ ಸಾಲು ದಾಟಿ, ಗಿಡಗಳಿಗೆ ನೀರು ಬಿಡುವ ಪಂಪ್‌ಶೆಡ್ಡಿನ ಪಕ್ಕದಲ್ಲಿ. ರಂಗದಿಂದ ಒಬ್ಬ ಟಾರ್ಚ್ ತೋರಿಸಿದ ಕೂಡಲೇ ಹಾಡಬೇಕು. "ಅಷ್ಟು ದೂರದಿಂದ ದನಿ ಮುಟ್ಟಿಸೋಕೆ ನಿನ್ನೊಬ್ಬಳ ಕೈಲೇ ಆಗೋದು" ಎಂದಿದ್ದರಂತೆ ಯಜಮಾನರು. ಅಂತೆ ಯಾಕೆ, ಎಂದಿದ್ದರು ಎಂದೇ ಇಟ್ಟುಕೊಳ್ಳಿ. ಆ ಮಾತನ್ನು ಅಕ್ಕನ ಬಾಯಲ್ಲಿ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿತ್ತು. ಲಾಂಡ್ರಿಯ ಯಜಮಾನ ಗದರಿದ ದಿನ ಆ ಮಾತು. ಒಂದು ಸಂಬಂಧ ಕೂಡಿಬರುವ ಹಾಗಿದ್ದು ತಪ್ಪಿಹೋದಾಗಲೂ ಆ ಮಾತೇ. ಆ ಗಂಡಿನ ಕಡೆಯವರ ಎದುರು ಕೂತು, ಬೇಸಿಗೆಯಲ್ಲಿ ನಾನು ಸಂಜೆ ಹೊತ್ತು ಮನೆಯಲ್ಲಿರುವುದಿಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಳು ಪುಣ್ಯಾತ್ಗಿತ್ತಿ. ಅವರು ಬಂದ ದಾರಿಗೆ ಸುಂಕವಿಲ್ಲದೆ ಎದ್ದು ಹೋದರು.

ಮನೆಯಲ್ಲಿ ಅವಳು ಬಾಯಿಬಿಟ್ಟು ಹಾಡುವ ಹಾಗಿರಲಿಲ್ಲ, ಮೇಲಿನ ಮನೆಯವರು ನೆಲ ಕುಟ್ಟುತ್ತಿದ್ದರು. ಅದಕ್ಕೇ ನನ್ನ ಬಟ್ಟೆ ಕೋಣೆಗೆ ಬಂದು ಹಾಡಿಕೊಳ್ಳುತ್ತಿದ್ದಳು. ಗೋಡೆಯೇ ಕಾಣದ ಹಾಗೆ ನಿಲುವಂಗಿ, ಲಂಗ, ಸೈನಿಕರ ಕೋಟುಗಳು ತೂಗುಬಿದ್ದ ಕೋಣೆ ಅದು. ಆ ಬಟ್ಟೆಗಳು ದನಿಯನ್ನು ಹಾಗೇ ನುಂಗಿಬಿಡುತ್ತಿದ್ದವು. "ಗಂಟಲು ಹರ್ಕೋಬೇಡ, ಸಾಕು ನಿಲ್ಸು" ಎನ್ನುತ್ತಿದ್ದೆ ನಾನು. "ನಿಂಗೇನು ಗೊತ್ತು, ದಾರ ಪೋಣಿಸು" ಎನ್ನುತ್ತಿದ್ದಳು ಅವಳು. ಹೀಗೇ ನಡೆಯಿತು ನಮ್ಮ ಆಯಸ್ಸು. ನಾನು ಹಾಸ್ಯಕ್ಕೂ ಒಂದು ದಿನ ಚೆನ್ನಾಗಿದೆ ಅಂದವಳಲ್ಲ. ಹೊಗಳಿಕೆ ನನ್ನ ಬಾಯಲ್ಲಿ ಬರುವುದೇ ಇಲ್ಲ, ಏನು ಮಾಡಲಿ.

ಯಜಮಾನರು ತೀರಿಹೋದರು. ಉದ್ಯಾನದ ಸುತ್ತ ಮನೆಗಳೆದ್ದವು; ಅವುಗಳಲ್ಲಿರುವವರಿಗೆ ನಮ್ಮ ಹಾಡಿನಿಂದ ನೆಮ್ಮದಿ ಕೆಟ್ಟಿತಂತೆ. ಮೇಲಿಂದ ಒಂದು ಬೇಸಿಗೆ ಹಾಳು ಮಳೆ ಬಂದು ಪಿಯಾನೊ ನೆಂದು ಹೋಯಿತು. ಕಂಪನಿಯವರು ಮುಚ್ಚಿಹೋಗಿದ್ದ ಹಳೇ ಸಿನಿಮಾ ಥಿಯೇಟರೊಂದನ್ನು ಬಾಡಿಗೆಗೆ ಹಿಡಿದರು. ವಾದ್ಯದವರಿಗೆ ಕೋಲು ಬೀಸಿ ತಾಳ ಹಾಕುವ ಹೊಸ ಮೇಷ್ಟ್ರು ಎಲ್ಲ ಹಾಡುಗಾರರೂ ಒಬ್ಬೊಬ್ಬರಾಗಿ ಬಂದು ಒಳಗೆ ಹಾಡಿ ತೋರಿಸಬೇಕು ಎಂದರು.

"ಪರೀಕ್ಷೆ ಅಂತೇನಲ್ಲಮ್ಮ, ಸುಮ್ನೆ ಒಂದ್ಸಲ ಕೇಳೋಣ ಅಂತ" ಎಂದರು ಅಕ್ಕನಿಗೆ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವ ಮನುಷ್ಯ. ನನಗೆ ಆಗಲೇ ಅನುಮಾನ ಬಂತು. ಅಕ್ಕನಿಗೆ ಮಾತ್ರ ಚಿಂತೆಯೇ ಇಲ್ಲ. "ಪಂಪ್‌ಶೆಡ್ಡಿಂದ ಮುಟ್ಟಿಸಿದವಳು ನಾನು. ಇದೊಂದು ಕೋಣೆ, ಎಷ್ಟರದು?" ಎಂದಳು. ನೀಲಿ ಅಂಗಿಯ ಕಾಲರನ್ನು ಎರಡೆರಡು ಸಲ ಇಸ್ತ್ರಿ ಮಾಡಿಕೊಂಡಳು.

ನಾನೂ ಜೊತೆಗೆ ಹೋದೆ. ದುರಸ್ತಿಗೆಂದು ಥಿಯೇಟರಿನ ಕುರ್ಚಿಗಳನ್ನೆಲ್ಲ ಕಿತ್ತಿದ್ದರು. ಬರಿಯ ಸಿಮೆಂಟು ನೆಲ, ಬೋಳು ಗೋಡೆ. ಮೇಷ್ಟ್ರು ನೆಲದ ಮೇಲೊಂದು ಸ್ಟೂಲ್ ಹಾಕಿಕೊಂಡು ಕೂತರು. ಅಕ್ಕ ರಂಗದ ಮೇಲೆ ಹೋಗಿ ನಿಂತು, ಕೈ ಹಿಂದೆ ಕಟ್ಟಿ, ಮಗನನ್ನು ಕರೆದಳು. ಕರೆದು, ರೂಢಿಯಂತೆ ನಿಲ್ಲಿಸಿ, ಉತ್ತರಕ್ಕೆ ಕಾದಳು.

ಹಿಂದಿನ ಗೋಡೆಯಿಂದ ಒಂದು ದನಿ ಬಂತು. ನಡುಗುವ, ಬಳಲಿದ, ಕೊನೆಯಲ್ಲಿ ಸ್ವರದಿಂದ ಜಾರುವ ಹೆಂಗಸಿನ ದನಿ.

ಅಕ್ಕ ಕತ್ತು ಚಾಚಿ ನೋಡಿದಳು. "ಅಲ್ಲಿ ಯಾರು ಸಾರ್ ಹಾಡ್ತಿರೋದು?" ಎಂದು ಕೇಳಿದಳು.

"ಯಾರೂ ಇಲ್ಲಮ್ಮ. ಕುರ್ಚಿಗಳಿಲ್ವಲ್ಲ, ದನಿ ತಿರುಗಿ ಬರ್ತಿದೆ. ನಿಮ್ದೇ ಅದು."

"ನಂದಾ?"

ಅವಳು ಜೀವಮಾನದಲ್ಲಿ ಬಾಯಿಬಿಟ್ಟು ಹಾಡಿದ್ದು ಎರಡೇ ಕಡೆ, ಬಯಲಿನಲ್ಲಿ ಮತ್ತು ನನ್ನ ಬಟ್ಟೆಗಳ ನಡುವೆ. ಎರಡೂ ಕಡೆ ಹೋದ ದನಿ ಹೋಗಿಯೇ ಬಿಡುತ್ತಿತ್ತು. ತನ್ನ ದನಿ ಹೊರಗಿನಿಂದ ಹೇಗೆ ಕೇಳುತ್ತದೆ ಎಂದು ಅವಳಿಗೆ ಅಂದಿನವರೆಗೂ ಗೊತ್ತಿರಲಿಲ್ಲ. ಅವಳು ಇನ್ನೊಮ್ಮೆ ಕರೆದಳು, ಮೊದಲಿಗಿಂತ ಮೆಲ್ಲಗೆ. ತಿರುಗಿ ಬಂದಿದ್ದನ್ನು ತಲೆ ಬಗ್ಗಿಸಿ ಕೊನೆಯವರೆಗೂ ಕೇಳಿಸಿಕೊಂಡಳು. ಮೂರನೆಯ ಸಲ ಬಾಯಿ ತೆರೆದವಳು ಹಾಗೇ ಮುಚ್ಚಿದಳು.

"ಇನ್ನೊಂದ್ಸಲ ನೋಡೋಣಮ್ಮ, ಗಾಬರಿ ಬೇಡ" ಎಂದರು ಮೇಷ್ಟ್ರು.

"ಬೇಡ ಸಾರ್. ಕೇಳ್ದೆ."

ಆ ಪಾತ್ರವನ್ನು ಒಬ್ಬ ಚಿಕ್ಕ ವಯಸ್ಸಿನ ಹುಡುಗಿಗೆ ಕೊಟ್ಟರು. ತಂಗಿಯ ಜೊತೆ ಬಟ್ಟೆ ಕೆಲಸಕ್ಕಿರಿ ಎಂದರು ಅಕ್ಕನಿಗೆ. ಆಗಲಿ ಎಂದುಬಿಟ್ಟಳು. ನನ್ನ ಹೊಟ್ಟೆ ಉರಿದುಹೋಯಿತು. ಆಮೇಲೆ ಕುರ್ಚಿಗಳು ಬಂದವು, ಗೋಡೆಗೆ ದಪ್ಪ ಪರದೆ ಬಂತು, ತಿರುಗಿ ಬರುವ ದನಿ ನಿಂತೇ ಹೋಯಿತು. ಓಡಿಬಂದು ಅಕ್ಕನಿಗೆ ಹೇಳಿದೆ: "ಬಾರೇ, ಈಗ ಹಾಡು ಬಾ, ಮೇಷ್ಟ್ರಿಗೆ ನಾನು ಹೇಳ್ತೀನಿ."

"ನಂಗೆ ಗೊತ್ತಾಯ್ತಲ್ಲ, ಇನ್ನು ಹೆಂಗೆ ಹಾಡ್ಲಿ?" ಎಂದು ಕೋಟಿಗೆ ನೀರು ಚಿಮುಕಿಸಿದಳು. ಬಟ್ಟೆ ಕೋಣೆಯಲ್ಲಿ ಆಮೇಲೆ ಹಾಡಲಿಲ್ಲ ಅವಳು. ಗುನುಗಲೂ ಇಲ್ಲ. ಸಾಕು ನಿಲ್ಸು ಎನ್ನಲು ಬಾಯಿ ತೆರೆದು ಎಷ್ಟೋ ಸಲ ಪೆಚ್ಚಾದೆ.

ಥಿಯೇಟರಿನಲ್ಲಿ ನಮ್ಮ ಕೋಣೆ ರಂಗದ ಕೆಳಗೆ. ಮೇಲೆ ನಡೆಯುವುದು ಕೇಳಿಸಲೆಂದು ಗೋಡೆಗೊಂದು ಸ್ಪೀಕರ್ ಹಾಕಿದ್ದರು. ಬೇಸಿಗೆಯ ಕೊನೆಯ ಆಟದ ದಿನ, ಅದೇ ಆಟ, ಅದೇ ಹೊಳೆ. ಸ್ಪೀಕರಿನಿಂದ ತಾಯಿ ಕರೆದಳು. ತೆಳ್ಳಗೆ, ನಿಜವಾಗಿಯೂ ಆಚೆ ದಡದಿಂದ ಬಂದಂತೆ. ಅಕ್ಕ ಇಸ್ತ್ರಿ ನಿಲ್ಲಿಸಿ ಪೂರ್ತಿ ಕೇಳಿದಳು.

"ಆ ಹುಡ್ಗಿ ಎಲ್ಲಿ ನಿಂತ್ಕೊಂಡು ಹಾಡ್ತಾಳೆ?"

"ಇಲ್ಲೇ ಮೇಲೆ, ರಂಗದ ಪರದೆ ಹಿಂದೆ."

"ದೂರದಿಂದ ಬಂದ ಹಾಗೇ ಇದೆಯಲ್ಲ."

"ಮೆತ್ತಗೆ ಹಾಡ್ತಾಳೆ, ಅದಕ್ಕೆ."

ಅಕ್ಕ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. "ಪರದೆ ಬಯಲಲ್ಲೂ ಇತ್ತು. ಮತ್ತೆ ಯಜಮಾನ್ರು ನನ್ನನ್ಯಾಕೆ ಪಂಪ್‌ಶೆಡ್ ತನಕ ಕಳಿಸ್ತಿದ್ರು?"

ನನಗೆ ಗೊತ್ತಿರಲಿಲ್ಲ. ದೇವರಾಣೆಗೂ ಗೊತ್ತಿಲ್ಲ. ಹೋಗಿ ಕೇಳೋಣವೆಂದರೆ ಯಜಮಾನರು ಮಣ್ಣಾಗಿ ವರ್ಷಗಳಾಗಿದ್ದವು. ಬೇರೆ ದಿನವಾಗಿದ್ದರೆ, ತಲೆ ತಿನ್ಬೇಡ, ಕೋಟು ಕೊಡು ಎಂದು ಗದರುತ್ತಿದ್ದೆ. ಅವಳೂ ಆ ಮಾತನ್ನು ಅಲ್ಲಿಗೇ ಬಿಡುತ್ತಿದ್ದಳೇನೋ. ಆದರೆ ಅವತ್ತು ಅವಳ ಮುಖ ನೋಡಿದೆ. ನಾಲಿಗೆ ತನ್ನಷ್ಟಕ್ಕೆ ಹೊರಳಿತು.

"ನಿನ್ನಷ್ಟು ಚೆನ್ನಾಗಿ ಹಾಡೋರು ಈ ಕಂಪನೀಲಿ ಇನ್ನೊಬ್ರಿರಲಿಲ್ಲ ಕಣಕ್ಕಾ. ಅದಕ್ಕೇ ಕಳಿಸ್ತಿದ್ರು."

ಅಕ್ಕ ನನ್ನನ್ನೇ ನೋಡುತ್ತಾ ನಿಂತಳು. ಮೇಲೆ ಮಗ ಉತ್ತರ ಕೊಟ್ಟ, ತಾಯಿ ಮತ್ತೆ ಕರೆದಳು, ಜನ ಚಪ್ಪಾಳೆ ಹೊಡೆದರು.

"ನೀನು ನನ್ನ ಹೊಗಳಿದ್ದು ಇದೇ ಮೊದಲು" ಎಂದಳು. "ಅಷ್ಟೊಂದು ಕೆಟ್ಟದಾಗಿತ್ತೇನೇ?"

ಉತ್ತರಕ್ಕೆ ಕಾಯಲಿಲ್ಲ. ಮುಂದಿನ ಕೋಟು ಎಳೆದುಕೊಂಡು ಕಾಲರಿನಿಂದ ಇಸ್ತ್ರಿ ಶುರು ಮಾಡಿದಳು.