ನನ್ನ ಪಾಲಿನ ಮಣ್ಣಿನ ಮಗ್ಗು

ನನ್ನ ಮೊಮ್ಮಗಳಿಗೆ ಈಗ ನಾಲ್ಕು ವರ್ಷ. ಅವಳು ಹಾಲು ಕುಡಿಯುವುದನ್ನು ನೋಡಲು ಎರಡು ಕಣ್ಣು ಸಾಲದು. ಅವಳಮ್ಮನ ಮಣ್ಣಿನ ಮಗ್ಗನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದು, ಮುಖವನ್ನೆಲ್ಲ ಅದರೊಳಗೆ ಇಳಿಸಿ, ತಲೆ ಎತ್ತಿದಾಗ ಮೂಗಿನ ತುದಿಗೂ ಹಾಲು. ಹೋದ ತಿಂಗಳು ಮಸ್ಕತ್ತಿಗೆ, ಮಗನ ಮನೆಗೆ ಬಂದಿಳಿದಾಗಿನಿಂದ ಈ ಮಗುವಿನ ಹಿಂದೆ ತಿರುಗುವುದೇ ನನ್ನ ಕೆಲಸ. ಊರಿಂದ ಯಾರು ಫೋನು ಮಾಡಿದರೂ ಇವಳ ಸುದ್ದಿಯೇ. ಅಲ್ಲಿ ಸಮುದ್ರ ಇದೆಯಂತಲ್ಲ, ಅದನ್ನಾದರೂ ನೋಡಿದೆಯಾ ಅಕ್ಕ ಎಂದು ನನ್ನ ತಂಗಿ ಕೇಳಿದಳು. ಇನ್ನೂ ಪುರಸೊತ್ತಾಗಿಲ್ಲ ಎಂದೆ.

ಆದರೆ ಆ ಮಗ್ಗಿನ ವಿಷಯ ತಂಗಿಗೂ ಹೇಳಿಲ್ಲ. ಅಂಥವು ಎರಡು ಇದ್ದವು. ಇನ್ನೊಂದು ನನ್ನದು.

ಮಗನ ಮದುವೆಯಾದ ವರ್ಷ, ಈ ಮಗು ಹುಟ್ಟುವ ಮೊದಲು, ನಾನು ಒಮ್ಮೆ ಇಲ್ಲಿಗೆ ಬಂದು ಮೂರು ತಿಂಗಳು ಇದ್ದೆ. ವಾದಿ ಕಬೀರ್ ಎಂಬ ಬಡಾವಣೆಯ ಇದೇ ಮನೆ. ಕೆಳಗೆ ಗ್ಯಾರೇಜಿನ ಬಡಿತ, ಬಾಲ್ಕನಿಯ ಎದುರಿಗೆ ಒಂದು ಎಳೆ ಹುಲ್ಲಿಲ್ಲದ ಗುಡ್ಡ. ಮಗ ಎ.ಸಿ. ಕೆಲಸದವನು, ಬೆಳಕು ಹರಿಯುವಾಗಲೇ ನಾಲ್ಕು ಜನರೊಂದಿಗೆ ಕಾರು ಹತ್ತಿ ಹೋಗುತ್ತಿದ್ದ. ಸೊಸೆ ಆಫೀಸಿಗೆ ಹೊರಡುವವರೆಗೆ ಅರ್ಧ ಗಂಟೆ ಸಿಗುತ್ತಿತ್ತು. ಆ ಅರ್ಧ ಗಂಟೆ ನಾವಿಬ್ಬರೂ ಕೂತು ಕಾಫಿ ಕುಡಿಯಬೇಕೆಂಬುದು ಅವಳ ಆಸೆ. ಅದಕ್ಕೆಂದೇ ಆಫೀಸಿನವರೊಬ್ಬರು ಜಪಾನಿಗೆ ಹೋದಾಗ ಹೇಳಿ ಆ ಎರಡು ಮಗ್ಗು ತರಿಸಿದ್ದಳು. ಒಡೆಯದಿರಲೆಂದು ಅವರು ಕಾಲುಚೀಲದೊಳಗೆ ತುರುಕಿ ಕೈಚೀಲದಲ್ಲಿ ತಂದಿದ್ದರಂತೆ.

ಅಲ್ಲಿನ ಕುಂಬಾರ ಕೈಯಲ್ಲೇ ಮಾಡಿದ್ದು. ಬೂದಿ ಬಣ್ಣ. ಬಾಯಿ ಒಂದು ಚೂರು ಓರೆ. ಮೈಗೆಲ್ಲ ಹೊಳಪು, ತಳ ಮಾತ್ರ ಒರಟು ಮಣ್ಣು. ಒಳಗೆ ಕೂದಲೆಳೆಯಂಥ ಗೆರೆಗಳು. ಬಿರುಕು ಬಿಟ್ಟಿದೆಯಲ್ಲ ಎಂದೆ. ಸುಡುವಾಗ ಹಾಗೆ ಬರುತ್ತದೆ, ಅದೇ ಅದರ ಚೆಂದ ಎಂದಳು. ಒಂದು ಬದಿಯಲ್ಲಿ ಕುಂಬಾರ ಬೆರಳಿನಿಂದ ಒತ್ತಿದ ಗುಳಿ.

'ಅತ್ತೆ, ಒಂದು ನನಗೆ, ಒಂದು ನಿಮಗೆ. ಹೆಬ್ಬೆರಳು ಇಲ್ಲಿಟ್ಟು ನೋಡಿ, ಹೇಗೆ ಕೂರುತ್ತೆ.'

ನಾನು ಬೆರಳು ಇಡಲಿಲ್ಲ. 'ಮಣ್ಣಿಂದು ಕಣವ್ವ. ಒಂದ್ಸಲ ಬಾಯಿಟ್ರೆ ಮುಗೀತು, ತೊಳೆದ್ರೂ ಎಂಜಲು ಹೋಗಲ್ಲ. ನನಗೆ ಸ್ಟೀಲ್ ಲೋಟ ಕೊಡು.'

ನಂಜನಗೂಡಿನ ಕಡೆಯ ನಮ್ಮ ಮನೆಯಲ್ಲಿ ಎಲ್ಲರೂ ಲೋಟ ಎತ್ತಿ ಕುಡಿಯುವವರು. ಲೋಹ ತೊಳೆದರೆ ಶುದ್ಧ, ಮಣ್ಣು ಎಂಜಲನ್ನು ಹೀರಿಕೊಂಡುಬಿಡುತ್ತದೆ ಎಂದು ನಮ್ಮತ್ತೆ ಹೇಳಿಕೊಟ್ಟಿದ್ದರು. ಸೊಸೆ ನಕ್ಕಳು. 'ದಿನಾ ನೀವೇ ಕುಡಿಯೋದಲ್ವಾ ಅತ್ತೆ? ನಿಮ್ಮ ಎಂಜಲು ನಿಮಗೇ ತಾನೆ?'

ನನಗೆ ಕೋಪ ಬಂತು. ಓದಿದವರಿಗೆ ಎಲ್ಲದಕ್ಕೂ ಮಾತು ಎಂದುಬಿಟ್ಟೆ. ನಾನು ನಾಲ್ಕನೇ ಕ್ಲಾಸು, ಅದು ಅವಳಿಗೆ ಗೊತ್ತಿತ್ತು. ಅವಳು ಕಾಫಿಯನ್ನು ಸ್ಟೀಲ್ ಲೋಟಕ್ಕೆ ಬಗ್ಗಿಸಿ ಕೊಟ್ಟಳು. ಮತ್ತೆ ಕೇಳಲಿಲ್ಲ. ನಾನು ಲೋಟ ಹಿಡಿದು ಅಡುಗೆಮನೆಯಲ್ಲೇ ಕೂರುತ್ತಿದ್ದೆ, ಅವಳು ತನ್ನ ಮಗ್ಗು ಹಿಡಿದು ಬಾಲ್ಕನಿಯಲ್ಲಿ ನಿಲ್ಲುತ್ತಿದ್ದಳು.

ನನ್ನ ಮಗ್ಗು ಒಲೆಯ ಪಕ್ಕ ಬೋರಲು ಬಿದ್ದಿತ್ತು. ಸುಮ್ಮನೆ ದಂಡವಾಗುತ್ತದಲ್ಲ ಎಂದು ಒಂದು ದಿನ ಅದಕ್ಕೆ ಕಲ್ಲುಪ್ಪು ತುಂಬಿಟ್ಟೆ. ನಮ್ಮ ಕಡೆ ಉಪ್ಪು ಮಣ್ಣಿನ ಕುಡಿಕೆಯಲ್ಲೇ ಇರುವುದು. ಸಂಜೆ ಸೊಸೆ ಬಂದು ನೋಡಿದಳು. ಉಪ್ಪಿಗೆ ಸರಿಯಾಗಿದೆ ಅಲ್ಲವಾ ಎಂದೆ. ಹೂಂ ಅತ್ತೆ ಎಂದಳು. ಆ ಹೂಂ ನನಗೆ ಆಗ ಕೇಳಿಸಲಿಲ್ಲ.

ಈ ಸಲ ಬಂದ ಮಾರನೆಯ ಬೆಳಿಗ್ಗೆಯಿಂದಲೂ, ನಾನು ಬಾಯಿ ಬಿಡುವ ಮೊದಲೇ ಸೊಸೆ ನನಗೆ ಸ್ಟೀಲ್ ಲೋಟದಲ್ಲಿ ಕಾಫಿ ತಂದಿಡುತ್ತಾಳೆ. ಎಷ್ಟು ಅರಿತವಳು ಎಂದು ಹಿಗ್ಗಿದ್ದೆ.

ಮೊನ್ನೆ ಶುಕ್ರವಾರ, ಎಲ್ಲರಿಗೂ ರಜೆ. ಮೊಮ್ಮಗಳು ಅರ್ಧ ಹಾಲು ಕುಡಿದು, ಮಗ್ಗನ್ನು ತಂದು ನೇರ ನನ್ನ ತುಟಿಗೆ ಒತ್ತಿದಳು. 'ಅಜ್ಜಿ, ಯೂ ಫಿನಿಶ್.' ನಾನು ಕುಡಿದೆ. ತಳದ ಸಕ್ಕರೆಯವರೆಗೂ ಕುಡಿದೆ. ಬಾಯಂಚು ದಪ್ಪಗೆ ಬೆಚ್ಚಗಿತ್ತು. ನನ್ನ ಹೆಬ್ಬೆರಳು ತಾನಾಗಿ ಆ ಗುಳಿಗೆ ಹೋಗಿ ಕೂತಿತ್ತು. ತಲೆ ಎತ್ತಿದರೆ ಬಾಗಿಲಲ್ಲಿ ಸೊಸೆ, ಕೈಯಲ್ಲಿ ನನ್ನ ಸ್ಟೀಲ್ ಲೋಟ.

ಒಂದು ಮಾತು ಚುಚ್ಚಿದ್ದರೂ ಸಮಾಧಾನವಾಗುತ್ತಿತ್ತು. ಅವಳು ನಕ್ಕು, ಲೋಟವನ್ನು ನನ್ನ ಮುಂದಿಟ್ಟು ಒಳಗೆ ಹೋದಳು. ಮಗುವಿಗೆ ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಅವತ್ತು ಸೊಸೆಗೆ ಬೇಡವೆನ್ನಲು ಹೇಗೆ ಅಷ್ಟು ಸುಲಭವಾಗಿ ಬಾಯಿ ಬಂತು?

ಹಿಂದೆಯೇ ಹೋಗಿ ಕೇಳಿದೆ, 'ನಂದು ಎಲ್ಲವ್ವ?'

ಯಾವುದು ಎಂದು ಅವಳು ಕೇಳಲಿಲ್ಲ. ಸ್ಟೂಲು ಹತ್ತಿ, ಕುಕ್ಕರಿನ ಡಬ್ಬದ ಹಿಂದಿನಿಂದ ಮಗುವಿನ ಹಳೆಯ ಬಟ್ಟೆಯಲ್ಲಿ ಸುತ್ತಿದ್ದನ್ನು ಇಳಿಸಿದಳು. ಹೊಳಪೆಲ್ಲ ಹಳೇ ಗೋಡೆಯ ಸುಣ್ಣದ ಹಾಗೆ ಚಕ್ಕೆ ಎದ್ದಿತ್ತು. ಮೈತುಂಬ ಬಿಳಿ ಪುಡಿ. ಆ ಗೆರೆಗಳ ಮೂಲಕ ಉಪ್ಪು ಒಳಗೆ ಇಳಿದು, ಹೊರಗೆ ಬಂದು, ಮಗ್ಗನ್ನು ತಿಂದುಹಾಕಿತ್ತು. ನಾನು ಊರಿಗೆ ಹೋದ ಮೇಲೆ ಆ ಪುಡಿಯನ್ನು ದಿನವೂ ಒರೆಸುತ್ತಿದ್ದಳಂತೆ. ಉಪ್ಪು ತೆಗೆದು ಬೇರೆ ಡಬ್ಬಕ್ಕೆ ಹಾಕಬಾರದಿತ್ತೇ ಎಂದೆ.

'ನೀವು ಇಟ್ಟಿದ್ದು, ಹೇಗೆ ತೆಗೆಯೋದು ಅಂತ ಬಿಟ್ಟೆ ಅತ್ತೆ.'

ಒಂದು ವರ್ಷ ಉಪ್ಪನ್ನು ಅದರಲ್ಲೇ ಬಿಟ್ಟಿದ್ದಳು.

ಅಂದಿನಿಂದ ಅದನ್ನು ನೀರಲ್ಲಿ ನೆನೆಹಾಕಿದ್ದೇನೆ. ದಿನವೂ ನೀರು ಬದಲಿಸಿ, ಸ್ವಲ್ಪ ನಾಲಿಗೆಗೆ ಹಚ್ಚಿ ನೋಡುತ್ತೇನೆ. ಮೊಮ್ಮಗಳೂ ನೆಕ್ಕಿ ಮುಖ ಕಿವುಚಿ, 'ಯಕ್, ಸ್ಟಿಲ್ ಸಾಲ್ಟಿ ಅಜ್ಜಿ' ಎಂದು ಕುಣಿಯುತ್ತಾಳೆ. ಅವಳ ಜೊತೆ ನಾನೂ ನಗುತ್ತೇನೆ. ಉಪ್ಪು ಬಿಟ್ಟರೂ ಹೊಳಪು ಬರುವುದಿಲ್ಲ ಎಂದು ಸೊಸೆ ಹೇಳಿದ್ದಾಳೆ. ಗೊತ್ತು.

ಇವತ್ತು ಬೆಳಿಗ್ಗೆ ನಾನೇ ಬಾಲ್ಕನಿಗೆ ಹೋಗಿ ಸೊಸೆಯ ಪಕ್ಕ ಕೂತೆ. ಅವಳು ತನ್ನ ಮಗ್ಗಿನಿಂದ ಎರಡು ಗುಟುಕು ಕುಡಿದಿದ್ದಳು.

'ನಿಂದ್ರಲ್ಲಿ ನನಗೂ ಒಂದು ಗುಟುಕು ಕೊಡವ್ವ' ಎಂದೆ.

'ನಾನು ಬಾಯಿಟ್ಟಿದೀನಿ ಅತ್ತೆ.'

'ಇರ್ಲಿ, ಕೊಡು.'

ಅವಳು ನನ್ನನ್ನೇ ನೋಡಿದಳು. ಆಮೇಲೆ ದುಪಟ್ಟಾದ ತುದಿ ಎಳೆದು ಮಗ್ಗಿನ ಬಾಯಂಚನ್ನು ಸುತ್ತಲೂ ಒರೆಸತೊಡಗಿದಳು. ಒರೆಸಬೇಡ ಎಂದು ನಾನು ಹೇಳುವಷ್ಟರಲ್ಲಿ ಒರೆಸಿ ಮುಗಿಸಿ, ನನ್ನ ಕೈಗೆ ಕೊಟ್ಟಿದ್ದಳು.